ಪಂಜರದ ಹಕ್ಕಿಯೂ ಅಂಗೈಯ ಹುಳುವೂ

ಭಾಲ್ಕಿಯ ಒಬ್ಬ ಸದ್ಗೃಹಸ್ಥನನ್ನು ಮನಸ್ಸಿನ ಮುಂದೆ ತಂದುಕೊಳ್ಳಬಹುದು. ಅವನು ಸ್ನಾನಾನಂತರ ವಿಭೂತಿಯನ್ನು ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ನಿಷ್ಠೆಯಿಂದ ಅರ್ಚಿಸುತ್ತಾನೆ. ಪೂಜೆ ಮುಗಿದು ಲಿಂಗವು ಕರಡಿಗೆಯನ್ನು ಸೇರಿದ ಮೇಲೆ ಹಿತ್ತಲಿಗೆ ನಡೆಯುತ್ತಾನೆ. ಅಲ್ಲಿ ತಂತಿಯ ಜಾಳಿ ಹೊಡೆದ ದೊಡ್ಡ ಪಂಜರ. ಒಳಗೆ ಹೈದರಾಬಾದಿನಿಂದ ತಂದ ಫಿಂಚ್ ಎಂಬ ಪುಟ್ಟ ಹಕ್ಕಿಗಳು. ತವುಡಿನ ಡಬ್ಬಿಯಿಂದ ಹತ್ತಿಪ್ಪತ್ತು ಜೀವಂತ ಹುಳುಗಳನ್ನು ಅದೇ ಅಂಗೈಗೆ ಸುರಿದುಕೊಂಡು ಬಟ್ಟಲಿಗೆ ಹಾಕುತ್ತಾನೆ. ತಾಯಿಹಕ್ಕಿ ಅವನ್ನು ಕುಟುಕಿ ನುಂಗಿ, ಮರಿಗಳ ತೆರೆದ ಬಾಯಿಗೆ ಕಕ್ಕುತ್ತದೆ. ಮರಿಗಳ ಹಸಿವೇನೋ ಹಿಂಗುತ್ತದೆ. ಆದರೆ ಹುಳುಗಳು ಅಂಗೈಯಲ್ಲಿ ಹೊರಳಿದ ಸ್ಪರ್ಶವು ಅವನ ಮನಸ್ಸನ್ನು ಬಿಟ್ಟುಹೋಗುವುದಿಲ್ಲ. ಇದು ದಾಸೋಹವೋ, ಹಿಂಸೆಯೋ?

ಬಯಲಿನ ಹಕ್ಕಿಯ ಮಾತು ಬೇರೆ. ಔರಾದ ಸೀಮೆಯ ಹುಲ್ಲುಗಾವಲುಗಳಲ್ಲಿ ಹಾರಾಡುವ, ಮುನಿಯಾ ಎಂದೂ ಕರೆಯಲ್ಪಡುವ ರಾಟವಾಳಗಳು ಈ ಫಿಂಚುಗಳ ಹತ್ತಿರದ ಬಂಧುಗಳೇ. ಬೆಳೆದ ಹಕ್ಕಿ ಹುಲ್ಲಿನ ಬೀಜವನ್ನು ತಿಂದು ಬದುಕುತ್ತದೆ. ಮರಿ ಮಾಡಿದ ಕೆಂಪು ರಾಟವಾಳವಾದರೋ ಗೆದ್ದಲನ್ನೂ ಸಣ್ಣ ಹುಳುಗಳನ್ನೂ ಅರಸುತ್ತದೆ. ಎಳೆಯ ಮೈ ಬೆಳೆಯುವುದಕ್ಕೆ ಒಣಗಿದ ಬೀಜದ ಸತ್ವ ಸಾಲದು. ಅಲ್ಲಿ ಹುಳುವಿಗೆ ಅಡಗಲು ಎಲೆಯ ಮರೆಯುಂಟು, ಹಕ್ಕಿಗೆ ಹುಡುಕುವ ಶ್ರಮವುಂಟು. ಆ ಏರ್ಪಾಡನ್ನು ಮಾಡಿದವನು ಮನುಷ್ಯನಲ್ಲ.

ಪಂಜರದಲ್ಲಿ ಮಾತ್ರ ಪ್ರತಿಯೊಂದೂ ಮನುಷ್ಯನು ಮಾಡಿದ್ದು. ಹಕ್ಕಿಯನ್ನು ಕೊಂಡವನು, ಜೋಡಿ ಮಾಡಿದವನು, ಗೂಡಿಗೆಂದು ಮಡಕೆಯನ್ನು ಕಟ್ಟಿದವನು, ಹುಳುಗಳನ್ನು ತರಿಸಿದವನು, ನಾಲ್ವರೂ ಒಬ್ಬನೇ. ತವುಡಿನ ಆ ಹುಳು ಕಪ್ಪು ದುಂಬಿಯೊಂದರ ಮರಿ. ಎತ್ತಿಕೊಳ್ಳುವ ಕೈ ಬರುವವರೆಗೂ ತವುಡನ್ನೂ ಗಜ್ಜರಿಯ ಚೂರನ್ನೂ ಮೆಲ್ಲುತ್ತಲೇ ಇರುತ್ತದೆ. ಹಬ್ಬಕ್ಕೆಂದು ತಂದ ಕುರಿಯು ತನ್ನ ಮರಣವನ್ನರಿಯದೆ ತಳಿರನ್ನು ಮೇಯುವುದಕ್ಕೆ ಮರುಗಿದವರು ಬಸವಣ್ಣನವರು. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬಾಳಿದ ಆ ಮಹಾನುಭಾವರ ಕಣ್ಣಿಗೆ ಈ ಡಬ್ಬಿಯು ಬೀಳದೆ ಇರುತ್ತಿರಲಿಲ್ಲ.

ಆದರೆ ಇಷ್ಟನ್ನು ಕೇಳಿದೊಡನೆ ನಾಳೆಯಿಂದಲೇ ಹುಳು ಹಾಕುವುದನ್ನು ನಿಲ್ಲಿಸುವವನು ಇನ್ನೂ ದೊಡ್ಡ ತಪ್ಪಿಗೆ ಬೀಳುತ್ತಾನೆ. ಈ ಗೃಹಸ್ಥನ ಪಂಜರದಲ್ಲಿರುವವು ಆಫ್ರಿಕ ಮೂಲದ ವ್ಯಾಕ್ಸ್‌ಬಿಲ್ ಎಂಬ ಸಣ್ಣ ಜಾತಿಯವು. ಮರಿಗಳಿಗೆ ಜೀವಂತ ಹುಳು ದೊರೆಯದಿದ್ದರೆ ಅವು ಕುಗ್ಗಿ ಸಾಯುತ್ತವೆ. ಎಷ್ಟೋ ವೇಳೆ ತಾಯಿತಂದೆಗಳೇ ಅವನ್ನು ಗೂಡಿನಿಂದ ಹೊರಗೆಸೆಯುತ್ತವೆ. ಹುಳುವಿನ ಮೇಲಿನ ದಯೆಯು ಮರಿಯ ಕೊರಳನ್ನು ಹಿಸುಕಿದಂತಾಯಿತು. ಬಾಗಿಲನ್ನು ಮುಚ್ಚಿದ ದಿನವೇ ಆ ಹಸಿವಿನ ಋಣ ಅವನ ಹೆಗಲೇರಿದೆ. ಮರಿಗಳು ಸುಮಾರು 3 ವಾರ ಗೂಡಿನಲ್ಲಿರುತ್ತವೆ, ಆಮೇಲೆಯೂ ಕೆಲವು ದಿನ ತಾಯಿತಂದೆಗಳ ತುತ್ತನ್ನೇ ಬೇಡುತ್ತವೆ. ಅಷ್ಟು ಕಾಲವೂ ಹುಳುವನ್ನು ಕೊಡಲೇಬೇಕು. ಆ ಕೊಲೆ ಹಕ್ಕಿಯದಲ್ಲ, ತನ್ನದೆಂದು ಅರಿತು ಕೊಡಬೇಕು.

ಎಲ್ಲ ಫಿಂಚುಗಳೂ ಹೀಗಲ್ಲ. ಆಸ್ಟ್ರೇಲಿಯದ ಜೀಬ್ರಾ ಫಿಂಚ್ ತನ್ನ ಬಯಲಿನಲ್ಲಿಯೂ ಮರಿಗಳನ್ನು ಬಹುಮಟ್ಟಿಗೆ ಹುಲ್ಲಿನ ಎಳೆಯ ಬೀಜದಿಂದಲೇ ಸಾಕುತ್ತದೆ. ನೆನೆಸಿ ಮೊಳಕೆ ಬರಿಸಿ ಚೆನ್ನಾಗಿ ತೊಳೆದ ನವಣೆ, ಹಾಲುಗಾಳಿನ ಸಜ್ಜೆತೆನೆ, ಹಸಿಯ ಹುಲ್ಲುತೆನೆ ಇವುಗಳಿಂದ ಅದರ ಸಂಸಾರ ಸಾಗುತ್ತದೆ. ಬೇಯಿಸಿದ ಮೊಟ್ಟೆಯನ್ನು ಕೊಡುವ ರೂಢಿಯೂ ಸಾಕುವವರಲ್ಲಿದೆ. ಮೊಟ್ಟೆಯನ್ನು ಹೊಸ್ತಿಲು ದಾಟಗೊಡದ ಮನೆಯ ಹಿತ್ತಲಲ್ಲಿ ಹುಳುವಿನ ಡಬ್ಬಿ ನಿಶ್ಚಿಂತೆಯಿಂದ ಕುಳಿತಿರುವುದು ವಿಚಿತ್ರವೇ ಸರಿ!

ತೊಗರಿಗೆ ಕಾಯಿಕೊರಕ ಬಿದ್ದಾಗ ಗಿಡಗಳನ್ನು ಅಲುಗಿಸಿ, ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಕೊಲ್ಲುವ ರೈತರೂ ಭಕ್ತರೇ ಅಲ್ಲವೆ, ಹತ್ತು ಹುಳುವಿಗೆ ಇಷ್ಟು ವಿಚಾರವೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ರೈತನ ಕೈಗೂ ಹಿಂಸೆ ಅಂಟದೆ ಹೋಗದು. ಆದರೆ ಅದು ಕಾಯಕದಲ್ಲಿ ಒದಗಿದ ಹಿಂಸೆ; ಉಳಿದ ತೊಗರಿ ಹಲವು ಬಾಯಿಗಳಿಗೆ ಅನ್ನವಾಗುತ್ತದೆ. ಹೊಲದಲ್ಲಿ ಕವಲುಕಡ್ಡಿಗಳನ್ನು ನೆಟ್ಟು, ಹಕ್ಕಿಗಳು ತಾವೇ ಬಂದು ಕುಳಿತು ಹುಳುಗಳನ್ನು ಆರಿಸುವಂತೆ ಮಾಡುವ ರೈತನು ಅಷ್ಟರಮಟ್ಟಿಗೆ ಮದ್ದನ್ನೂ ಕಡಮೆ ಮಾಡಿಕೊಳ್ಳುತ್ತಾನೆ. ಪಂಜರವಿರುವುದು ಕಣ್ಣಿನ ಸಂತೋಷಕ್ಕೆ. (ಮದ್ದು ಹೊಡೆದ ಹೊಲದ ಹುಳುವನ್ನು ಪಂಜರದ ಹಕ್ಕಿಗೆ ಹಾಕಲೇಬಾರದು, ಅದು ಹಕ್ಕಿಗೂ ವಿಷ.)

ಹಾಗಾದರೆ ಬಾಗಿಲನ್ನು ತೆರೆದುಬಿಡಬಹುದೆ? ಪರದೇಶದ ಮೂಲದ, ಪಂಜರದಲ್ಲಿಯೇ ಹುಟ್ಟಿದ ಹಕ್ಕಿ ಹೊರಗೆ ಕಾಗೆಗೋ ಬೆಕ್ಕಿಗೋ ತುತ್ತಾಗುತ್ತದೆ. ಈ ನಾಡಿನ ರಾಟವಾಳವನ್ನಾದರೋ ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬೀದರ ನಗರದಲ್ಲಾಗಲಿ ಬೇರೆಲ್ಲಿಯಾಗಲಿ, ಹಿಡಿದು ಮಾರುವವನಿಂದ ಅದನ್ನು ಪುಣ್ಯಕ್ಕೆಂದು ಕೊಂಡು ಹಾರಿಬಿಡುವವರೂ ಬಲೆಗೆ ಬಾಡಿಗೆ ಕೊಟ್ಟಂತೆಯೇ; ನಾಳೆ ಮತ್ತಷ್ಟು ಹಕ್ಕಿಗಳು ಸಿಕ್ಕಿಬೀಳುತ್ತವೆ. ಗಿಳಿ ಕೋಗಿಲೆಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ ಅಕ್ಕಮಹಾದೇವಿ ಅವನ್ನು ಕಂಡದ್ದು ವನದಲ್ಲಿ, ಜಾಳಿಯ ಆಚೆ ನಿಂತಲ್ಲ.

ಭಾಲ್ಕಿಯ ಗೃಹಸ್ಥನಿಗೆ ಉಳಿದಿರುವುದು ಸಣ್ಣ ಕೆಲಸ. ಮರಿಗಳು ತಾವೇ ನವಣೆಯನ್ನು ಸುಲಿದು ತಿನ್ನಲು ಕಲಿತ ಮೇಲೆ ಗೂಡಿನ ಮಡಕೆಯನ್ನು ಇಳಿಸಬೇಕು, ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇರಿಸಬೇಕು, ಡಬ್ಬಿಗೆ ಹೊಸ ಹುಳು ತರಿಸದಿರಬೇಕು. ಹಕ್ಕಿಗಳು ಜಾಳಿಯ ಎರಡು ಬದಿಗಳಿಂದ ಕೆಲವು ದಿನ ಒಂದನ್ನೊಂದು ಕೂಗುತ್ತವೆ. ಬೆಳಗಿನ ಪೂಜೆಯ ಹೊತ್ತಿಗೆ ಆ ಕೂಗು ಒಳಗೂ ಕೇಳಿಸುತ್ತದೆ.