ನೆರೆಮನೆಯ ಸಾಮತಿ ಕೇಳಿದರೆ ಮೈಲಿಗೆಯೇ?

ಪ್ರಶ್ನೆ: ನಾವು ಮೂಲತಃ ಪಾಂಡವಪುರ ತಾಲ್ಲೂಕಿನವರು, ಈಗ ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಾವನವರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಂದಿನಿಂದ ಅತ್ತೆಯವರು ಮಾತು, ಊಟ ಎರಡನ್ನೂ ಬಿಟ್ಟವರ ಹಾಗಿದ್ದರು. ನಮ್ಮ ಎದುರು ಮನೆಯವರು ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿ ಕಡೆಯ ಕ್ರೈಸ್ತರು. ಪ್ರತಿ ಬುಧವಾರ ಸಂಜೆ ಅವರ ಮನೆಯಲ್ಲಿ ನಾಲ್ಕೈದು ಜನ ಹೆಂಗಸರು ಸೇರಿ ಜಪಸರ ಮಾಡಿ, ಯೇಸುಸ್ವಾಮಿಯ ಒಂದು ಸಾಮತಿ ಓದಿ, ಅದರ ಮೇಲೆ ಮಾತಾಡ್ತಾರೆ. ಅತ್ತೆಯವರೂ ಹೋಗಿ ಕೂರುತ್ತಿದ್ದರು. ನಿಧಾನವಾಗಿ ನಗು ಬಂತು, ಊಟ ಸೇರಿತು. ಈಗ ನಮ್ಮ ಭಾವನವರು, ‘ಮೈಲಿಗೆಯಾಗಿದೆ, ವರ್ಷಾಬ್ದಿಕಕ್ಕೆ ಮುಂಚೆ ಶುದ್ಧಿ ಆಗಬೇಕು, ಆ ಮನೆಯವರನ್ನು ಊಟಕ್ಕೆ ಕರೆಯಲೂಬಾರದು’ ಅನ್ನುತ್ತಿದ್ದಾರೆ. ಅತ್ತೆಯವರು ಹೋಗುವುದನ್ನು ನಿಲ್ಲಿಸಿ ಮತ್ತೆ ಕಿಟಕಿ ಪಕ್ಕ ಸುಮ್ಮನೆ ಕೂತುಬಿಟ್ಟಿದ್ದಾರೆ. ಶಾಸ್ತ್ರ ಏನು ಹೇಳುತ್ತೆ?
— ಓರ್ವ ಗೃಹಿಣಿ, ಮೈಸೂರು

ಉತ್ತರ: ತಾಯಿ, ಮೊದಲು ಭಯ ಬಿಡಿ. ಆಶೌಚಕ್ಕೆ ಶಾಸ್ತ್ರದಲ್ಲಿ ಕಾರಣಗಳಿವೆ: ಜನನ, ಮರಣ, ಹೀಗೆ. ನೆರೆಮನೆಯಲ್ಲಿ ಕೂತು ಒಳ್ಳೆಯ ಮಾತು ಕೇಳಿದ್ದು ಅದರಲ್ಲಿ ಬರುವುದಿಲ್ಲ. ನಿತ್ಯದ ಸ್ನಾನ, ದೇವರ ದೀಪ, ಇಷ್ಟೇ ಸಾಕು. ಬೇರೆ ಶುದ್ಧಿ ಬೇಕಿಲ್ಲ. ವರ್ಷಾಬ್ದಿಕದ ಕರ್ತೃ ಮಗ. ತಾಯಿ ಬುಧವಾರ ಎಲ್ಲಿ ಕೂತಿದ್ದರು ಅನ್ನುವುದರಿಂದ ಪಿತೃಕಾರ್ಯಕ್ಕೆ ಲೋಪ ಬರುವುದಿಲ್ಲ.

ಊಟದ ವಿಷಯದಲ್ಲಿ ಎರಡನ್ನು ಬೆರೆಸಬೇಡಿ. ಪಿಂಡಪ್ರದಾನ, ನಿಮಂತ್ರಿತ ಬ್ರಾಹ್ಮಣರ ಭೋಜನ, ಇವು ಪಿತೃಕಾರ್ಯದ ಅಂಗ. ಅದಕ್ಕೆ ನಿಮ್ಮ ಸಂಪ್ರದಾಯದ ನಿಯಮ ಇದೆ, ಪುರೋಹಿತರು ಹೇಳಿದಂತೆ ನಡೆಯಲಿ. ಆ ದಿನದ ಪಂಕ್ತಿಗೆ ನೆಂಟರಲ್ಲೇ ಎಲ್ಲರನ್ನೂ ಕೂರಿಸುವುದಿಲ್ಲವಲ್ಲ, ಅದನ್ನು ಯಾರೂ ಅವಮಾನ ಅಂದುಕೊಳ್ಳುವುದೂ ಇಲ್ಲ. ಮರುದಿನ ಇಷ್ಟಮಿತ್ರರಿಗೆ ಸಮಾರಾಧನೆ ಇಟ್ಟುಕೊಳ್ಳಿ. ಅದಕ್ಕೆ ಎದುರು ಮನೆಯವರನ್ನು ಅತ್ತೆಯವರೇ ಹೋಗಿ ಕುಂಕುಮದ ಬಟ್ಟಲಿನ ಪಕ್ಕ ಎಲೆ ಅಡಿಕೆ ಇಟ್ಟು ಕರೆಯಲಿ. ಕುಂಕುಮ ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ, ಕರೆಯುವುದು ನಿಮ್ಮ ಧರ್ಮ. ದುಃಖದಲ್ಲಿ ಜೊತೆ ಕೂತವರನ್ನು ಮರೆತು ಮಾಡಿದ ಸಮಾರಾಧನೆಯಿಂದ ಮಾವನವರ ಆತ್ಮಕ್ಕೆ ಯಾವ ಸಂತೋಷ?

ನಿಮ್ಮ ಭಾವನವರ ಮನಸ್ಸಿನಲ್ಲಿರುವುದು ಮೈಲಿಗೆಗಿಂತ ಮತಾಂತರದ ಅಂಜಿಕೆ ಅಂತ ನನಗನ್ನಿಸುತ್ತೆ. ಅವರನ್ನು ಹೀಗಳೆಯಬೇಡಿ, ಮನೆಯ ಹಿರಿಯರಿಗೆ ಆ ಕಳಕಳಿ ಸಹಜ. ಆದರೆ ಪರೀಕ್ಷೆ ಸುಲಭ. ‘ನಿನ್ನ ದೇವರನ್ನು ಬಿಡು, ತಿಥಿ ಮಾಡಬೇಡ’ ಅಂತ ಅಲ್ಲಿ ಯಾರಾದರೂ ಅಂದರೇ? ಅಂದಿದ್ದರೆ ಕೈ ಮುಗಿದು ಎದ್ದು ಬರಬೇಕು. ನಿಮ್ಮ ಕಾಗದದಲ್ಲಿ ಅಂಥ ಮಾತೇ ಇಲ್ಲ.

ಪಾಲಹಳ್ಳಿ, ಶ್ರೀರಂಗಪಟ್ಟಣದ ಕ್ರೈಸ್ತರು ನಮಗೆ ನಿನ್ನೆ ಮೊನ್ನೆ ಬಂದವರಲ್ಲ. 17ನೇ ಶತಮಾನದಲ್ಲೇ ಅಲ್ಲಿ ಜೆಸ್ವಿಟ್ ಪಾದ್ರಿಗಳಿದ್ದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಬಂದು, ಇಲ್ಲಿನವರ ಹಾಗೇ ಉಟ್ಟು, ಉಂಡು, ಸಿಡುಬಿನ ಲಸಿಕೆ ಹಾಕಿಸುವುದಕ್ಕೂ ದುಡಿದರು. ನಮ್ಮ ಆಚಾರಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಕಟುವಾದ ಮಾತೂ ಇದೆ, ಮುಚ್ಚಿಡಬೇಕಿಲ್ಲ. ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ಹಿಂದಿರುಗಿದ ಅವರು ಕೊನೆಗೆ ಬರೆದದ್ದು, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಅಂತ. ಒಂದು ಸಾಮತಿ ಕೇಳಿದ ಮಾತ್ರಕ್ಕೆ ಕರಗಿಹೋಗುವಷ್ಟು ತೆಳುವಲ್ಲ ನಮ್ಮ ಬೇರು.

ನಿಮ್ಮ ತಾಲ್ಲೂಕಿನ ಮೇಲುಕೋಟೆಯನ್ನೇ ನೋಡಿ. ಚೆಲುವನಾರಾಯಣನ ಸನ್ನಿಧಿಯಲ್ಲಿ ಬೀಬಿ ನಾಚ್ಚಿಯಾರ್‌ಗೆ ಸ್ಥಾನ ಇದೆ. ಡೆಲ್ಲಿಯ ಸುಲ್ತಾನನ ಮಗಳು ಉತ್ಸವಮೂರ್ತಿಯ ಮೇಲಿನ ಪ್ರೀತಿಯಿಂದ ಹಿಂದೆಯೇ ಬಂದಳು ಅನ್ನುತ್ತದೆ ಸಂಪ್ರದಾಯ. ಮೂರ್ತಿಯನ್ನು ತರುವಾಗ ನೆರವಾದ, ಊರು ದೂರ ಇಟ್ಟಿದ್ದ ಜನರನ್ನು ರಾಮಾನುಜರು ‘ತಿರುಕುಲದವರು’ ಅಂತ ಕರೆದು ದೇವಾಲಯ ಪ್ರವೇಶ ಕೊಡಿಸಿದರು. ಅದು ವರ್ಷಕ್ಕೆ ಮೂರೇ ದಿನಕ್ಕೆ ನಿಂತಿತ್ತು ಅನ್ನುವುದನ್ನೂ ನಾವು ನೆನೆಯಬೇಕು. ಆಚಾರ್ಯರು ತೆಗೆದ ಬಾಗಿಲನ್ನು ಅರ್ಧ ಮುಚ್ಚಿದವರು ನಾವು.

ಇನ್ನು ಸಾಮತಿ. ಅದು ನಮ್ಮ ದೃಷ್ಟಾಂತವೇ. ಯೇಸುಸ್ವಾಮಿ ಸಾಸಿವೆ ಕಾಳಿನ ಮಾತು ಹೇಳುತ್ತಾರೆ: ಬಿತ್ತುವಾಗ ಎಲ್ಲಕ್ಕಿಂತ ಚಿಕ್ಕದು, ಬೆಳೆದಾಗ ಹಕ್ಕಿಗಳು ಬಂದು ಕೂರುವಷ್ಟು ದೊಡ್ಡದು. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಉದ್ದಾಲಕರು ಮಗ ಶ್ವೇತಕೇತುವಿನ ಕೈಲಿ ಆಲದ ಹಣ್ಣು ತರಿಸಿ, ಒಡೆಸಿ, ಅದರ ಬೀಜವನ್ನೂ ಸೀಳಿಸಿ ‘ಏನು ಕಾಣುತ್ತೆ?’ ಅಂತಾರೆ. ‘ಏನೂ ಇಲ್ಲ’ ಅಂತಾನೆ ಮಗ. ಆ ‘ಏನೂ ಇಲ್ಲ’ದಿಂದಲೇ ಇಷ್ಟು ದೊಡ್ಡ ಮರ ನಿಂತಿದೆ ಅಂತ ತಂದೆ ತಿಳಿಸುತ್ತಾರೆ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಒಂದು ಬೀಜ ಹೊರಗೆ ಬೆಳೆದು ನೆರಳಾಗುವುದನ್ನು ತೋರಿಸುತ್ತೆ, ಇನ್ನೊಂದು ಒಳಗಿನ ಸೂಕ್ಷ್ಮವನ್ನು. ಮೂರನೆಯದು ನಮ್ಮ ಮಕ್ಕಳಿಗೂ ಗೊತ್ತು, ಬುದ್ಧ ಕೇಳಿದ ಸಾವಿಲ್ಲದ ಮನೆಯ ಸಾಸಿವೆ. ಆ ತಾಯಿ ಮನೆಮನೆ ತಿರುಗಿದಳು. ಸಾಸಿವೆ ಸಿಗಲಿಲ್ಲ, ತನ್ನಂತೆ ಅತ್ತವರು ಸಿಕ್ಕರು. ದುಃಖ ಇಳಿದದ್ದು ಅಲ್ಲಿ.

ನಿಮ್ಮ ಅತ್ತೆಯವರಿಗೆ ಎದುರು ಮನೆಯಲ್ಲಿ ಸಿಕ್ಕಿದ್ದು ಬಹುಶಃ ಇದೇ: ಒಂದು ಕಥೆ, ಜೊತೆಗೆ ಅದನ್ನು ತಮ್ಮ ಬಾಳಿಗೆ ಹಚ್ಚಿ ಮಾತಾಡಲು ನಾಲ್ಕು ಜನ. ಇದು ನಮ್ಮಲ್ಲಿ ಇರಲಿಲ್ಲವೇ? ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನ ಗುಡಿಯ ಗೋಡೆ ಸುತ್ತ ರಾಮಾಯಣ, ಮಹಾಭಾರತ ಕೆತ್ತಿದ್ದು ನೋಡುತ್ತ, ಹೇಳುತ್ತ ಪ್ರದಕ್ಷಿಣೆ ಬರಲಿ ಅಂತಲೇ. ನಾಗಮಂಗಲ, ಶ್ರೀರಂಗಪಟ್ಟಣದ ಹಳ್ಳಿಗಳಲ್ಲಿ ಭಜನೆ ಮನೆ ಇತ್ತು, ಹರಿಕಥೆ ಇತ್ತು. ಪಟ್ಟಣಕ್ಕೆ ಬಂದ ಮೇಲೆ ದೇವರ ಕೋಣೆ ಉಳಿಯಿತು, ಜೊತೆಗೆ ಕೂರುವವರು ಹೋದರು. ಮೊಬೈಲಿನಲ್ಲಿ ಸಹಸ್ರನಾಮ ಹಾಕಿ ನಾವು ಅಡುಗೆ ಮನೆಗೆ ಹೋಗ್ತೇವೆ.

ಆದ್ದರಿಂದ ಹೀಗೆ ಮಾಡಿ. ವಾರಕ್ಕೊಮ್ಮೆ, ಶನಿವಾರ, ಮನೆಯಲ್ಲಿ ದೀಪ ಹಚ್ಚಿ ಮುಕ್ಕಾಲು ಗಂಟೆ ಕೂಡಿ. ಒಂದು ಸ್ತೋತ್ರ, ಒಂದು ದೃಷ್ಟಾಂತ, ಆಮೇಲೆ ಒಬ್ಬೊಬ್ಬರದೂ ಎರಡು ಮಾತು, ಕೊನೆಗೆ ಪಾನಕವೋ ಕೋಸಂಬರಿಯೋ. ಮೊದಲ ವಾರಕ್ಕೆ ಉದ್ದಾಲಕರ ಉಪ್ಪಿನ ಪಾಠ ಇಡಿ. ಹಿಂದಿನ ರಾತ್ರಿ ಮೊಮ್ಮಕ್ಕಳ ಕೈಲಿ ಒಂದು ಲೋಟ ನೀರಿಗೆ ಉಪ್ಪು ಹಾಕಿಸಿ. ಮರುದಿನ ಉಪ್ಪು ಹುಡುಕಲು ಹೇಳಿ, ಕಣ್ಣಿಗೆ ಕಾಣುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ರುಚಿ ನೋಡಿಸಿ, ಎಲ್ಲೆಲ್ಲೂ ಇದೆ. ಕಾಣದ ಪರಮಾತ್ಮನ ಮಾತನ್ನು, ಕಾಣದಾದ ತಾತನ ಮಾತನ್ನು ಅಲ್ಲಿಂದ ಅಜ್ಜಿಯೇ ಮುಂದುವರಿಸಲಿ. ಎದುರು ಮನೆಯವರನ್ನೂ ಕರೆಯಿರಿ, ಬಂದರೆ ಸಂತೋಷ.

ಕೊನೆಯ ಮಾತು. ನಿಮ್ಮ ಕಾಗದದಲ್ಲಿ ಭಾವನವರು ಹೇಳಿದ್ದಿದೆ, ನೀವು ಯೋಚಿಸಿದ್ದಿದೆ. ಅತ್ತೆಯವರಿಗೆ ಏನು ಬೇಕು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಬುಧವಾರ ಹೋಗಬೇಕು ಅಂದರೆ ಬಾಗಿಲವರೆಗೆ ನೀವೇ ಕರೆದುಕೊಂಡು ಹೋಗಿ. ವರ್ಷಾಬ್ದಿಕ ಶ್ರದ್ಧೆಯಿಂದ ನಡೆಯಲಿ, ಆ ಹಿರಿಯ ಜೀವಕ್ಕೆ ನೆಮ್ಮದಿಯಾಗಲಿ. ಶುಭವಾಗಲಿ.