ಅಲಗು ಯಾರ ಕಡೆಗೆ?

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ನಮ್ಮತ್ತೆ ಕೊಂಡಿದ್ದ ಈಳಿಗೆಮಣೆಯಲ್ಲೇ ನಾನು ಇಂದಿಗೂ ತರಕಾರಿ ಹೆಚ್ಚುವುದು. ಹೋದ ತಿಂಗಳು ತಂಗಿಯ ಮಗ ರಜೆಗೆಂದು ಬಂದಿದ್ದ. ಬೆಳಗಾವಿಯಲ್ಲಿ ಕಮಾಂಡೊ ತರಬೇತಿ ಮುಗಿಸಿದ ಹುಡುಗ. ಬಾಳೆಕಾಯಿ ಹೆಚ್ಚುತ್ತಾ, "ನಿಮ್ಮ ಕಮಾಂಡೊ ಚಾಕುವಿನಲ್ಲಿ ಹುರುಳಿಕಾಯಿ ಹೆಚ್ಚಬಹುದೇನೋ?" ಎಂದು ತಮಾಷೆ ಮಾಡಿದೆ.

"ಹಳೆಯ ಕಠಾರಿಯಲ್ಲಿ ಆಗೋದಿಲ್ಲ ದೊಡ್ಡಮ್ಮ" ಎಂದ.

ಅದರ ಕಥೆಯನ್ನೂ ಹೇಳಿದ. ಶಾಂಘೈ ಪೊಲೀಸ್ ಪಡೆಯಲ್ಲಿ ಪಳಗಿದ ಫೇರ್‌ಬೇರ್ನ್ ಮತ್ತು ಸೈಕ್ಸ್ ಎಂಬಿಬ್ಬರು 1940ರ ಕೊನೆಯಲ್ಲಿ ಬ್ರಿಟಿಷ್ ಕಮಾಂಡೊಗಳಿಗಾಗಿ ರೂಪಿಸಿದ್ದಂತೆ. ಸುಮಾರು 7 ಅಂಗುಲದ ತೆಳ್ಳನೆಯ ಅಲಗು, ಎರಡೂ ಕಡೆ ಹರಿತ. ಡಬ್ಬ ಮೀಟಲು ಹೋದರೆ ತುದಿಯೇ ಮುರಿಯುತ್ತಿತ್ತು. ಈಗಿನ ಸೈನಿಕರ ಚಾಕು ಹಗ್ಗ ಕೊಯ್ಯುತ್ತದೆ, ಕಟ್ಟಿಗೆ ಸೀಳುತ್ತದೆ. ಆದರೆ ಆ ಕಠಾರಿ ಹುಟ್ಟಿದ್ದು ಒಂದೇ ಕೆಲಸಕ್ಕೆ. ನಮ್ಮ ಪ್ಯಾರಾ ವಿಶೇಷ ಪಡೆಯವರ 'ಬಲಿದಾನ' ಬಿಲ್ಲೆಯಲ್ಲೂ ರೆಕ್ಕೆಗಳ ನಡುವೆ ಕಠಾರಿಯೇ ಇದೆ. 2019ರ ವಿಶ್ವಕಪ್‌ನಲ್ಲಿ ಧೋನಿಯ ಕೈಗವಸಿನ ಮೇಲೆ ಕಾಣಿಸಿ ಗದ್ದಲವಾಯಿತಲ್ಲ, ಅದೇ.

ಕೊಲ್ಲುವುದಕ್ಕೆಂದೇ ಮಾಡಿದ್ದನ್ನು ಗೌರವದ ಗುರುತಾಗಿ ಎದೆಗೆ ಧರಿಸಬಹುದೇ? ತಪ್ಪು ಕತ್ತಿಯದಲ್ಲ, ಹಿಡಿದ ಕೈಯದು ಎನ್ನುತ್ತೇವೆ. ಈಳಿಗೆಗೆ ಆ ಮಾತು ಒಪ್ಪುತ್ತದೆ. ಕಠಾರಿಯ ಉದ್ದೇಶ ಅದರ ಆಕಾರದಲ್ಲೇ ಇದೆಯಲ್ಲ!

ಮರುದಿನ ಟಿ. ನರಸೀಪುರಕ್ಕೆ ಹೋದೆವು. ಗುಂಜಾ ನರಸಿಂಹಸ್ವಾಮಿಯ ಮುಂದೆ ಕೈಮುಗಿದು ನಿಂತಾಗ ಹಿರಣ್ಯಕಶಿಪುವಿನ ಕಥೆ ನೆನಪಾಯಿತು. ನರಸಿಂಹ ಆಯುಧ ಎತ್ತಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು ಉಗುರಿನಿಂದ ಸೀಳಿದ. ಸತ್ತವನ ಭಾರ ಕೊಂದವನ ತೊಡೆಗೆ ತಿಳಿಯಿತು. ಕೊಂದ ಮೇಲೂ ದೇವರ ಉಗ್ರ ಇಳಿಯಲಿಲ್ಲ. ಮಗು ಪ್ರಹ್ಲಾದನೇ ಹತ್ತಿರ ಹೋಗಬೇಕಾಯಿತು. ಎಲ್ಲೋ ಕುಳಿತು ಗುಂಡಿ ಒತ್ತಿ ಕ್ಷಿಪಣಿ ಬಿಡುವವನಿಗೆ ಆ ಭಾರ ತಿಳಿಯುವುದುಂಟೇ? ಕಠಾರಿ ಹಿಡಿದವನಿಗೆ ಎದುರಿನವನ ಉಸಿರೂ ಕೇಳಿಸುತ್ತದೆ. ಇದು ಕಠಾರಿಗೆ ಹೊಗಳಿಕೆಯಲ್ಲ. ಭಾರವನ್ನು ಅದು ಮರೆಮಾಚುವುದಿಲ್ಲ, ಅಷ್ಟೇ.

ಕಪಿಲೆ ಕಾವೇರಿಯನ್ನು ಸೇರುವಲ್ಲಿ ಮೆಟ್ಟಿಲ ಮೇಲೆ ಕುಳಿತು ಕೇಳಿಯೇಬಿಟ್ಟೆ: "ನೀನು ಯಾರ ಮೇಲಾದರೂ...?"

ಹುಡುಗ ನೀರನ್ನೇ ನೋಡುತ್ತಿದ್ದ. "ಅದೊಂದು ಕೇಳಬೇಡಿ ದೊಡ್ಡಮ್ಮ."

ನನಗೆ ನಾಚಿಕೆಯಾಯಿತು. ಅವನು ಗಡಿಯಲ್ಲಿ ಎಚ್ಚರವಾಗಿರುವುದರಿಂದ ನಾನಿಲ್ಲಿ ನಿಶ್ಚಿಂತೆಯಿಂದ ಮಲಗುತ್ತೇನೆ. ನನ್ನ ಕೈಗೆ ನೆತ್ತರು ತಾಗಿಲ್ಲವೆಂದು ಅವನ ಕೈಯನ್ನು ಪರೀಕ್ಷಿಸಲು ನಾನು ಯಾರು? ನಮ್ಮ ಪರವಾಗಿ ಹಿಡಿದ ಕತ್ತಿಯ ಪಾಪದಲ್ಲಿ, ಪಾಪವೆಂದಾದರೆ, ನಮಗೂ ಪಾಲಿಲ್ಲವೇ? ಇದನ್ನು ಒಪ್ಪಿಕೊಂಡರೆ, ಯುದ್ಧವಾಗಲಿ ಎಂದು ಟೀವಿ ಮುಂದೆ ಕುಳಿತು ಚಪ್ಪಾಳೆ ತಟ್ಟುವ ಮೊದಲು ಒಂದು ಗಳಿಗೆ ತಡೆದೇವು.

ಅವನು ಹೊರಟ ದಿನ ದಾರಿಗೆಂದು ಪಲ್ಯ ಮಾಡಲು ಕುಳಿತೆ. ಮೂವತ್ತು ವರ್ಷದಿಂದ ಹೆಚ್ಚುತ್ತಿದ್ದರೂ ಅಂದೇ ಗಮನಿಸಿದ್ದು: ಈಳಿಗೆಯ ಅಲಗು, ಹೆಚ್ಚುವವಳ ಕಡೆಗೇ ಮುಖಮಾಡಿರುತ್ತದೆ.