ಎಷ್ಟಕ್ಕಿಂತ ‘ಓವರ್’?

ಕಳೆದ ಮಾರ್ಚ್‌ನಲ್ಲಿ ಅಪ್ರೈಸಲ್ ಫಾರ್ಮ್ ತುಂಬ್ತಾ ಕೂತಿದ್ದೆ. ಏಳು ಜನರ ಟೀಮು, ಏಳು ಫಾರ್ಮು, ಅವತ್ತೇ ಕೊನೇ ದಿನ. ಆರನೆಯದು ಟೀಮಿನ ಅತಿ ಕಿರಿಯಳದ್ದು. ಗದಗದ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ‘ಸುಧಾರಿಸಬೇಕಾದ ಅಂಶಗಳು’ ಅನ್ನೋ ಜಾಗದಲ್ಲಿ ಏನಾದರೂ ಬರೆಯಲೇಬೇಕು, ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೇ ಹೋಗಲ್ಲ. ‘ಕೆಲವೊಮ್ಮೆ ಓವರ್‌ಕಾನ್ಫಿಡೆಂಟ್’ ಅಂತ ಟೈಪ್ ಮಾಡಿ ಸೇವ್ ಒತ್ತಿದೆ. ಹತ್ತು ಸೆಕೆಂಡಿನ ಕೆಲಸ.

ಎರಡು ವಾರ ಆದಮೇಲೆ ಅವಳ ಜೊತೆ ಮಾತಿಗೆ ಕೂತಾಗ, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಆ ಪದ ತೋರಿಸಿದಳು.

“ಸರ್, ಇದನ್ನ ಯಾವ ವಿಷಯಕ್ಕ ಬರ್ದೀರಿ? ನಾ ಖಾತ್ರಿಯಿಂದ ಹೇಳಿ, ಅದು ತಪ್ಪಾಗಿದ್ದು ಒಂದರ ಹೇಳ್ರಿ. ತಿದ್ಕೋತೀನಿ.”

ಜಗಳದ ದನಿ ಇರಲಿಲ್ಲ. ನಿಜವಾಗ್ಲೂ ತಿಳ್ಕೋಬೇಕು ಅಂತಲೇ ಕೇಳಿದ್ದು. ನಾನು ಬಾಯಿ ತೆರೆದೆ, ಉದಾಹರಣೆ ಬರಲಿಲ್ಲ. “ಹಾಗೇನಿಲ್ಲ, ಒಟ್ಟಾರೆ ಮೀಟಿಂಗಲ್ಲಿ ಮಾತಾಡೋ ರೀತಿ...” ಅಂತ ಏನೋ ಹೇಳಿ ತಪ್ಪಿಸಿಕೊಂಡೆ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಆ ಪದ ನನ್ನ ತಲೆಗೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದರೆ ಡಿಸೆಂಬರ್‌ನ ಒಂದು ಕ್ಲೈಂಟ್ ಕಾಲ್ ಸಿಕ್ಕಿತು. ಡೇಟಾಬೇಸ್ ಬದಲಾಯಿಸೋ ಕೆಲಸ. ಶನಿವಾರ, ಭಾನುವಾರ ಎರಡೇ ದಿನದಲ್ಲಿ ಮುಗಿಸ್ತೀವಿ ಅಂತ ನಾನು ಹೇಳಿದ್ದೆ. ಎಲ್ಲರ ಎದುರಿಗೇ ಅವಳು, “ಆಗಲ್ಲ, ಮೂರು ದಿನ ಬೇಕು” ಅಂದುಬಿಟ್ಟಿದ್ದಳು. ಅದರ ಹಿಂದೆ ‘ಐ ಥಿಂಕ್’ ಇಲ್ಲ, ಮುಂದೆ ‘ಮೇ ಬಿ’ ಇಲ್ಲ. ನನಗೆ ಕಿವಿ ಬಿಸಿಯಾಗಿತ್ತು. ಕೆಲಸ ಮುಗಿದದ್ದು ಸೋಮವಾರ ಸಂಜೆ. ಅವಳು ಹೇಳಿದಂತೆ ಸರಿಯಾಗಿ ಮೂರು ದಿನ. ಅಂದರೆ ಅವತ್ತು ‘ಓವರ್’ ಆಗಿದ್ದು ನನ್ನ ಕಾನ್ಫಿಡೆನ್ಸ್. ಪದ ಬಿದ್ದದ್ದು ಮಾತ್ರ ಅವಳ ಫಾರ್ಮಿನಲ್ಲಿ.

ಸ್ವಲ್ಪ ಯೋಚಿಸಿ ನೋಡಿ. ಓವರ್‌ಕಾನ್ಫಿಡೆಂಟ್ ಅನ್ನೋದು ಲೆಕ್ಕದ ಪದ. ‘ಓವರ್’ ಅಂದಕೂಡಲೇ ‘ಎಷ್ಟಕ್ಕಿಂತ?’ ಅನ್ನೋ ಪ್ರಶ್ನೆ ಹುಟ್ಟಬೇಕು. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅನ್ನೋಕೆ ಸಾರಿನ ರುಚಿ ನೋಡಿರಬೇಕು. ಉಪ್ಪು ಹಾಕೋವಾಗ ಅಡುಗೆಯವರು ಕೈ ಬೀಸಿದ ರೀತಿ ನೋಡಿ ಹೇಳೋಕಾಗಲ್ಲ. ಒಬ್ಬರು ಹತ್ತು ಸಲ ‘ನೂರಕ್ಕೆ ತೊಂಬತ್ತು ಖಾತ್ರಿ’ ಅಂದು, ಅದರಲ್ಲಿ ಒಂಬತ್ತು ಸಲ ಸರಿಯಾದರೆ, ಅವರು ಮೇಜು ಗುದ್ದಿ ಹೇಳಿದ್ದರೂ ಅಲ್ಲಿ ಓವರ್ ಏನೂ ಇಲ್ಲ. ಅದೇ ಮಾತನ್ನ ಇನ್ನೊಬ್ಬರು ಮೆತ್ತಗೆ, ನಗುನಗುತ್ತಾ ಹೇಳಿ ಐದೇ ಸಲ ಸರಿಯಾದರೆ, ಓವರ್ ಇರೋದು ಅಲ್ಲಿ. ಅಳೆಯಬೇಕಾದ್ದು ಖಾತ್ರಿಗೂ ಸತ್ಯಕ್ಕೂ ನಡುವಿನ ಅಂತರವನ್ನ. ನಾನು ಅಳೆದದ್ದು ದನಿಯನ್ನ.

ಹಳೇ ಫಾರ್ಮ್‌ಗಳನ್ನ ತೆಗೆದು ನೋಡಿದೆ. ನಾಲ್ಕು ವರ್ಷದಲ್ಲಿ ಆ ಪದ ಮೂರು ಸಲ ಬರೆದಿದ್ದೇನೆ. ಮೂವರೂ ನನಗಿಂತ ಕಿರಿಯರು, ಮೂವರೂ ಇಂಗ್ಲಿಷನ್ನ ಕಾಲೇಜಿಗೆ ಬಂದಮೇಲೆ ಕಲಿತವರು. ಪ್ರತಿ ತ್ರೈಮಾಸಿಕದಲ್ಲೂ ಅಂದಾಜು ತಪ್ಪಿಸೋ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾನೆ, ಒಳ್ಳೇ ಕಾನ್ವೆಂಟ್ ಇಂಗ್ಲಿಷು. ಅವನಿಗೆ ಬರೆದದ್ದು ‘ಕಾನ್ಫಿಡೆಂಟ್ ಲೀಡರ್’.

ಇದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ವಿಷಯ. ಆ ಕಾಲ್‌ನಲ್ಲಿ ಕಿವಿ ಬಿಸಿಯಾದಾಗ ನನ್ನ ಮನಸ್ಸಲ್ಲಿ ಬಂದ ಪದ ಓವರ್‌ಕಾನ್ಫಿಡೆಂಟ್ ಅಲ್ಲ. ‘ಏನ್ ಧಿಮಾಕು ಇವಳಿಗೆ’ ಅಂತ ಬಂದಿತ್ತು, ಅಚ್ಚ ಕನ್ನಡದಲ್ಲಿ. ಫಾರ್ಮ್‌ನಲ್ಲಿ ‘ಧಿಮಾಕು ಜಾಸ್ತಿ’ ಅಂತ ಬರೆಯೋಕೆ ನನ್ನ ಕೈ ಏಳ್ತಿತ್ತಾ? ಖಂಡಿತ ಇಲ್ಲ. ಜಂಭ, ಸೊಕ್ಕು, ಪೊಗರು, ಕೊಬ್ಬು, ಧಿಮಾಕು - ಈ ಪದಗಳಲ್ಲಿ ಬೈಸಿಕೊಂಡವರಷ್ಟೇ ಬೈದವರೂ ಕಾಣಿಸ್ತಾರೆ. ‘ಅವನಿಗೆ ಸೊಕ್ಕು’ ಅಂದರೆ ಕೇಳಿದವರು, ‘ಯಾಕಪ್ಪಾ, ನಿಂಗೇನು ಮಾಡಿದ?’ ಅಂತಾರೆ. ‘ಓವರ್‌ಕಾನ್ಫಿಡೆಂಟ್’ ಅಂದರೆ ಯಾರೂ ಹಾಗೆ ಕೇಳಲ್ಲ. ಬ್ಲಡ್ ರಿಪೋರ್ಟ್ ಓದಿದ ಹಾಗೆ ತಲೆಯಾಡಿಸ್ತಾರೆ. ನನ್ನ ಸಿಟ್ಟಿಗೆ ಸ್ನಾನ ಮಾಡಿಸಿ, ಇಸ್ತ್ರಿ ಬಟ್ಟೆ ಹಾಕಿ ಆಫೀಸಿಗೆ ಕಳಿಸಿದ್ದು ಆ ಇಂಗ್ಲಿಷ್ ಪದ. ತಪ್ಪು ಇಂಗ್ಲಿಷಿನದ್ದಲ್ಲ. ನಮ್ಮದಲ್ಲದ ಭಾಷೆಯಲ್ಲಿ ಬರೆಯೋವಾಗ ನಮ್ಮ ಸಿಟ್ಟು ನಮಗೇ ಕಾಣಿಸಲ್ಲ, ಅಷ್ಟೆ.

ಹಾಗಂತ ಆ ಪದವನ್ನೇ ಎಸೆಯಬೇಕು ಅಂತಲ್ಲ. ಅತಿ ಖಾತ್ರಿ ಜನರನ್ನ ಕೊಂದಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಹಿಂದಿನ ರಾತ್ರಿಯೇ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು, ಈ ಚಳಿಯಲ್ಲಿ ರಬ್ಬರ್ ಸೀಲುಗಳನ್ನ ನಂಬೋ ಹಾಗಿಲ್ಲ, ಹಾರಿಸಬೇಡಿ ಅಂದಿದ್ದರು. ಮೇಲಿನವರು ಕೇಳಲಿಲ್ಲ. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವರದಿಯ ಅನುಬಂಧದಲ್ಲಿ ಎರಡು ಅಂಕಿಗಳನ್ನ ಅಕ್ಕಪಕ್ಕ ಇಟ್ಟರು. ನೌಕೆ ವಿಫಲವಾಗೋ ಸಾಧ್ಯತೆ ಕೆಲಸ ಮಾಡೋ ಎಂಜಿನಿಯರುಗಳ ಪ್ರಕಾರ ಸುಮಾರು 100ಕ್ಕೆ 1. ಆಡಳಿತದವರ ಪ್ರಕಾರ 1,00,000ಕ್ಕೆ 1. ಓವರ್‌ಕಾನ್ಫಿಡೆನ್ಸ್ ಅಂದರೆ ಇದು: ಎರಡು ಅಂಕಿ, ನಡುವೆ ಕಣ್ಣಿಗೆ ಕಾಣೋ ಅಂತರ. ಫೈನ್‌ಮನ್ ಯಾರ ದನಿಯ ಬಗ್ಗೆಯೂ ದೂರಲಿಲ್ಲ. ಇನ್ನೊಂದು ಗಮನಿಸಿ. ಅಲ್ಲಿ ಅತಿ ಖಾತ್ರಿ ಇದ್ದದ್ದು ಇನ್ನೊಬ್ಬರ ಫಾರ್ಮ್ ತುಂಬೋ ಕುರ್ಚಿಗಳಲ್ಲಿ.

ಕನಕದಾಸರ ಕಥೆ ನಿಮಗೂ ಗೊತ್ತಿರುತ್ತೆ. ಮೋಕ್ಷಕ್ಕೆ ಯಾರು ಹೋಗಬಲ್ಲರು ಅಂತ ಗುರು ವ್ಯಾಸರಾಯರು ಕೇಳಿದಾಗ ಕನಕರು, ನಾನು ಹೋದರೆ ಹೋದೇನು ಅಂದರಂತೆ. ಉಳಿದ ಶಿಷ್ಯರು ಕೆರಳಿದರಂತೆ, ಈ ಕುರುಬನಿಗೆ ಎಷ್ಟು ಗರ್ವ ಅಂತ. ‘ನಾನು’ ಅನ್ನೋದು ಹೋದರೆ ಮಾತ್ರ ಹೋದೇನು ಅನ್ನೋ ಅರ್ಥ ಆಮೇಲೆ ತಿಳಿಯಿತಂತೆ. ಚಿಕ್ಕಂದಿನಿಂದ ಇದನ್ನ ಅಹಂಕಾರ ಬಿಡೋ ಕಥೆ ಅಂತ ಕೇಳಿದ್ದೆ. ಈಗ ನನ್ನ ಕಣ್ಣು ಹೋಗೋದು ಆ ಶಿಷ್ಯರ ಕಡೆಗೆ. ಅವರು ಯಾರು ಹೇಳಿದರು ಅನ್ನೋದನ್ನ ಕೇಳಿಸಿಕೊಂಡರು, ಏನು ಹೇಳಿದರು ಅನ್ನೋದನ್ನ ಕೇಳಿಸಿಕೊಳ್ಳಲಿಲ್ಲ. ನಾನೂ ಅವರ ಸಾಲಿನಲ್ಲೇ ಕೂತಿದ್ದೆ.

ಎಚ್‌ಆರ್‌ಗೆ ಮೇಲ್ ಹಾಕಿದೆ. ಈ ವರ್ಷದ ರೇಟಿಂಗ್ ಮುಗಿದುಹೋಗಿದೆ, ಬೇಕಾದರೆ ಒಂದು ಟಿಪ್ಪಣಿ ಸೇರಿಸಬಹುದು ಅಂದರು. ‘ಡಿಸೆಂಬರ್ ಕೆಲಸದಲ್ಲಿ ಇವರ ಅಂದಾಜು ಸರಿ, ನನ್ನದು ತಪ್ಪು. ಹಿಂದೆ ಬರೆದ ಪದಕ್ಕೆ ನನ್ನ ಬಳಿ ಆಧಾರವಿಲ್ಲ’ ಅಂತ ಬರೆದೆ. “ಇಷ್ಟೆಲ್ಲಾ ಬೇಕಿತ್ತಾ? ನಿನ್ನ ಮೇಲೇ ಬರುತ್ತೆ ನೋಡು” ಅಂದರು ನನ್ನ ಬಾಸ್. ಅವಳ ಪ್ರಮೋಷನ್ ಮುಂದಿನ ವರ್ಷಕ್ಕೆ ಹೋಯಿತು. ಅದು ಆ ಒಂದು ಪದದಿಂದಲೇ ಅಂತ ಯಾರೂ ಹೇಳಲ್ಲ. ಅಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ.

ಈಗ ನಾನು ಎರಡು ರೂಢಿ ಮಾಡಿಕೊಂಡಿದ್ದೇನೆ. ಯಾರ ಬಗ್ಗೆಯಾದರೂ ಇಂತಹ ಪದ ಬರೆಯೋ ಮುಂಚೆ ಅದನ್ನ ಮನಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಳ್ತೇನೆ. ನಾಚಿಕೆಯಾದರೆ ಬರೆಯಲ್ಲ. ನಾಚಿಕೆಯಾಗದಿದ್ದರೆ, ಯಾವ ದಿನ, ಯಾವ ಮಾತು, ಎಷ್ಟು ತಪ್ಪಿತು ಅಂತ ಪಕ್ಕದಲ್ಲಿ ಬರೀತೇನೆ. ಅದು ಸಿಗದಿದ್ದರೂ ಬರೆಯಲ್ಲ.

ಆದರೆ ಬರೆದದ್ದು ಬರೆದಾಗಿದೆ. ಹೋದ ವಾರದ ಮೀಟಿಂಗ್‌ನಲ್ಲಿ ಹೊಸ ಕೆಲಸಕ್ಕೆ ಎರಡು ದಿನ ಸಾಕು ಅಂತ ಯಾರೋ ಅಂದರು. ಅವಳು ಸಣ್ಣ ದನಿಯಲ್ಲಿ, “ಐ ಥಿಂಕ್... ಮೇ ಬಿ... ನಾಲ್ಕು ದಿನ ಬೇಕಾಗಬಹುದೇನೋ” ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ‘ಐ ಥಿಂಕ್’, ಆ ‘ಮೇ ಬಿ’ ಎರಡೂ ನಾನು ಕಲಿಸಿದ್ದು.

“ಎಷ್ಟು ಖಾತ್ರಿ ಇದೆ ನಿನಗೆ?” ಅಂತ ಕೇಳಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. “ನೂರಕ್ಕ ತೊಂಬತ್ತೈದು, ಸರ್.”

ಪ್ಲ್ಯಾನ್‌ನಲ್ಲಿ ನಾಲ್ಕು ದಿನ ಅಂತ ಬರೆದೆ.